ಗುಲಾಬಿಯ ಮಡಿಲಕ್ಕಿ

ಶಿಕ್ಷಕರ ದಿನಾಚರಣೆಗೆ ಮಕ್ಕಳು ಗುಲಾಬಿ ಕೊಡುವುದು ನನಗೆ ಹೊಸದಲ್ಲ. ಸಾಮಾನ್ಯವಾಗಿ ಅದು ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಕೊಂಡ, ಪ್ಲಾಸ್ಟಿಕ್ ಹಾಳೆ ಸುತ್ತಿದ, ಮಧ್ಯಾಹ್ನದ ಹೊತ್ತಿಗೆ ಕತ್ತು ಬಾಗಿಸುವ ಒಂದೇ ಒಂದು ಹೂವು. ಈ ಸಲ ಯಾರದೋ ಮಾವ ಹೂವಿನ ತೋಟದಲ್ಲಿ ಕೆಲಸಕ್ಕಿದ್ದಾರಂತೆ, ಎಂ.ಕಾಂ. ಮಕ್ಕಳು ಇಪ್ಪತ್ತು ಹೂವಿನ ಇಡೀ ಕಟ್ಟನ್ನೇ ತಂದು ಮೇಜಿನ ಮೇಲಿಟ್ಟರು. ಸುತ್ತಲೂ ಗೆರೆಗೆರೆಯ ರಟ್ಟು. ಕೋಲ್ಡ್ ರೂಮಿನಿಂದ ಆಗಷ್ಟೇ ಹೊರಗೆ ಬಂದದ್ದು, ರಟ್ಟು ಬೆವರಿತ್ತು. ನಾನು ಎಲ್ಲರೂ ಮಾಡುವ ಹಾಗೆ ಮೂಗಿಗೆ ಹಿಡಿದೆ. ನಿಮಗೆ ಗೊತ್ತಿರಬಹುದು, ರಫ್ತಿಗೆಂದು ಬೆಳೆಯುವ ಗುಲಾಬಿಗೆ ವಾಸನೆ ಇರುವುದಿಲ್ಲ. ಬಂದದ್ದು ಒದ್ದೆ ರಟ್ಟಿನ ವಾಸನೆ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಮೇಡಂಗೆ ಖುಷಿಯಿಂದ ಮಾತು ಹೊರಡುತ್ತಿಲ್ಲ ಅಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

ಒದ್ದೆ ರಟ್ಟಿನ ವಾಸನೆ ಎಂದರೆ ನನಗೆ ಚಿಕ್ಕಮ್ಮ. ನಮ್ಮಮ್ಮನ ತಂಗಿ. ಮದುವೆಯಾದ ನಾಲ್ಕನೇ ವರ್ಷ ಗಂಡ ತೀರಿಕೊಂಡು, ಮಕ್ಕಳೂ ಇಲ್ಲದೆ, ಒಂದು ಟ್ರಂಕು ಹಿಡಿದು ಕುಂದಾಣದ ಹತ್ತಿರದ ನಮ್ಮ ಮನೆಗೆ ಬಂದವಳು. ಆಗ ನಾನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಏಳನೇ ಕ್ಲಾಸಿನವರೆಗೆ ಓದಿದ್ದಳು. ನಮ್ಮ ಕಡೆ ಪ್ಲಾಸ್ಟಿಕ್ ಹೊದಿಸಿದ ಹೂವಿನ ತೋಟಗಳು ಎದ್ದಾಗ ಗುಲಾಬಿ ವಿಂಗಡಿಸುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಏಳಕ್ಕೆ ತೋಟದ ವ್ಯಾನು ಬರುತ್ತಿತ್ತು. ಸಂಜೆ ಇಳಿದಾಗ ಅವಳ ಸೆರಗಿನ ತುಂಬ ಇದೇ ವಾಸನೆ ಇರುತ್ತಿತ್ತು, ಹೂವು ಹಿಡಿಯುವ ಕೈ ತುಂಬ ಮುಳ್ಳಿನ ಗೀರು.

ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಅಂತಾರಾಷ್ಟ್ರೀಯ ವ್ಯಾಪಾರ ಮತ್ತು ಹಣಕಾಸು. ಹೆಸರು ಕೇಳಿ ಹೆದರಬೇಡಿ, ನಾನೂ ಮೊದಲು ಹೆದರಿದ್ದೆ. ಅದನ್ನು ಓದಲು ಸೇರಿದ್ದರ ಹಿಂದೆ ದೊಡ್ಡ ಆಲೋಚನೆಯೇನೂ ಇರಲಿಲ್ಲ. ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ಕಡೆ ಲೇಔಟಿಗೆ, ಬೇಕರಿಗೆ, ಕಟಿಂಗ್ ಶಾಪಿಗೆ ಕೂಡ 'ಇಂಟರ್‌ನ್ಯಾಷನಲ್' ಎಂಬ ಬೋರ್ಡು ಬಿದ್ದಿತ್ತು. ಕಾಲೇಜಿನವರೂ ಹಿಂದೆ ಬೀಳಲಿಲ್ಲ, ಹೊಸ ಕೋರ್ಸಿನ ಕರಪತ್ರದ ಮೇಲೆ ವಿಮಾನದ ಚಿತ್ರ ಹಾಕಿದರು. ವಿಮಾನ ದಿನಾ ನಮ್ಮ ತಲೆಯ ಮೇಲೇ ಹಾರುತ್ತದೆ, ಓದಿದರೆ ಕೆಲಸವೂ ಅಲ್ಲೇ ಸಿಕ್ಕೀತು ಅಂತ ಸೇರಿಕೊಂಡೆ. ಅಲ್ಲಿಯವರೆಗೆ ನಾನು ಹೋಗಿದ್ದ ಅತಿ ದೂರದ ಊರು ತಿರುಪತಿ. ಸಮುದ್ರ ಕಂಡವಳಲ್ಲ. ಆದರೂ ಹಡಗಿಗೆ ಸರಕು ಏರಿಸಿದ ಮೇಲೆ ಕೊಡುವ ರಸೀದಿಯ ಮೇಲೆ ಹತ್ತು ಅಂಕಕ್ಕೆ ಎರಡು ಪುಟ ಬರೆಯಬಲ್ಲವಳಾದೆ.

ಸಂಜೆ ಚಿಕ್ಕಮ್ಮ ಕೈಕಾಲು ತೊಳೆದು, ಕಾಫಿ ಕುಡಿದು, ಅವರೆಕಾಯಿಯ ಕಾಲವಾದರೆ ಮೊರ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಕೂತವಳೇ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಏನೇ, ಇವತ್ತೇನು ಹೇಳ್ಕೊಟ್ರು?"

ಇದು ಒಂದನೇ ಕ್ಲಾಸಿನಿಂದ ಬಂದ ಪ್ರಶ್ನೆ. ಆಗ 'ಅ ಆ ಇ ಈ' ಎಂದರೆ ಮುಗಿಯುತ್ತಿತ್ತು. ಎಂ.ಕಾಂ.ಗೆ ಬಂದ ಮೇಲೆ ಕಷ್ಟವಾಯಿತು. ಇಂಗ್ಲಿಷಿನಲ್ಲಿ ಬರೆದುಕೊಂಡದ್ದನ್ನು ಮೊರದ ಮುಂದೆ ಕನ್ನಡದಲ್ಲಿ ಹೇಳಬೇಕು. ಎಲ್ಲಿ ತಡವರಿಸುತ್ತೇನೋ ಅಲ್ಲಿ ನನಗೇ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು. ನಮ್ಮ ಮೇಷ್ಟ್ರು ವರ್ಷವಿಡೀ ಮಾಡಲಾಗದ ಪರೀಕ್ಷೆಯನ್ನು ಇವಳು ಅರ್ಧ ಸೇರು ಅವರೆಕಾಳು ಬಿಡಿಸುವುದರೊಳಗೆ ಮಾಡುತ್ತಿದ್ದಳು.

ಡಾಲರಿನ ಬೆಲೆ ದಿನಕ್ಕೊಂದು ಥರ ಇರುತ್ತದೆ, ಬೆಳಗ್ಗೆ ಇದ್ದದ್ದು ಸಂಜೆಗೆ ಇರುವುದಿಲ್ಲ ಎಂದಾಗ ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಕೊತ್ತಂಬರಿ ಸೊಪ್ಪಿದ್ದಂಗೆ ಅನ್ನು" ಎಂದಳು. ಹೊಸಕೋಟೆ ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಗೊತ್ತಿದ್ದವಳು. ವಿನಿಮಯ ದರದ ಏರಿಳಿತಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ, ಕ್ಲಾಸಿನಲ್ಲಿ ನನ್ನದೇ ಎಂಬಂತೆ ಹೇಳುತ್ತೇನೆ.

ಒಂದು ಸಂಜೆ ಮಾತ್ರ ಅವಳು ನನ್ನ ಪಾಠ ಒಪ್ಪಲಿಲ್ಲ. ಮಾರುವವನು ಸರಕನ್ನು ವಿಮಾನದವರ ಕೈಗೆ ಒಪ್ಪಿಸಿದ ಕ್ಷಣಕ್ಕೆ ಅವನ ಹೊಣೆ ಮುಗಿಯಿತು, ಆಮೇಲೆ ದಾರಿಯಲ್ಲಿ ಬಾಡಲಿ ಬೀಳಲಿ, ಅದು ಕೊಂಡವನದು ಎಂದೆ. ಅಂಥ ಒಪ್ಪಂದಗಳಿರುತ್ತವೆ. ಚಿಕ್ಕಮ್ಮನ ಕೈ ನಿಂತಿತು.

"ಒಪ್ಸಿದ್ ಮೇಲೆ ನಂದೇನಿಲ್ಲ ಅನ್ನೋಕಾಗ್ತದೇನೆ? ಹೆಣ್ಣು ಕೊಟ್ಟೋರು ಹಂಗಂದ್ರೆ ಊರೋರು ಮಖಕ್ಕೆ ಉಗೀತಾರೆ."

"ಇದು ಹೂವು ಚಿಕ್ಕಮ್ಮ, ಹೆಣ್ಣಲ್ಲ" ಎಂದೆ.

"ಮೊಗ್ಗಿಂದ ನೋಡ್ಕೊಂಡಿರೋದು ಯಾರು? ನಾವು ತಾನೆ?" ಎಂದು ಮತ್ತೆ ಕಾಯಿ ಸುಲಿದಳು. ನಾನು ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ಮಡಿಲಕ್ಕಿ ಹುಯ್ಯುತ್ತಾರೆ. ಸೆರಗಿನಲ್ಲಿ ಅಕ್ಕಿ, ಅರಿಶಿನದ ಕೊಂಬು, ವೀಳ್ಯದೆಲೆ, ಅಡಿಕೆ, ಬೆಲ್ಲ ಹಾಕಿ ಕಟ್ಟಿ ಕಳಿಸುತ್ತಾರೆ. ಖಾಲಿ ಮಡಿಲಲ್ಲಿ ಹೆಣ್ಣನ್ನು ಹೊಸಿಲು ದಾಟಿಸುವುದಿಲ್ಲ. ಆದರೆ ಹುಯ್ಯುವವರು ಮುತ್ತೈದೆಯರೇ ಆಗಬೇಕು. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಚಿಕ್ಕಮ್ಮ ಹಿಂದಿನ ದಿನವೇ ಹೋಗಿ ಅಕ್ಕಿ ಆರಿಸಿ, ಅರಿಶಿನದ ಕೊಂಬು ತೊಳೆದು, ಎಲೆ ಒರೆಸಿ ತಟ್ಟೆಗೆ ಜೋಡಿಸಿ ಕೊಡುತ್ತಿದ್ದಳು. ಹುಡುಗಿ ಹೊರಡುವ ಹೊತ್ತಿಗೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದಳು. ಯಾರೂ ಅವಳನ್ನು ಹೋಗು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಮೊದಲೇ ಎದ್ದು ಹೋಗುವುದನ್ನು ಅವಳು ಕಲಿತಿದ್ದಳು.

ತೋಟದಲ್ಲಿ ಹೂವು ವಿಂಗಡಿಸುವ ಹಾಲ್‌ನಲ್ಲಿ ಹಾಗಿರಲಿಲ್ಲ. ಅಲ್ಲಿ ಅವಳೇ ಮುಖ್ಯಸ್ಥೆ. ಹೂವು ಎತ್ತಿ ಹಿಡಿದರೆ ಸಾಕು, ದಂಟು ಎಷ್ಟು ಉದ್ದ, ಇನ್ನು ಎಷ್ಟು ದಿನಕ್ಕೆ ಅರಳುತ್ತದೆ ಎಂದು ಅಳತೆಪಟ್ಟಿ ನೋಡದೆ ಹೇಳುತ್ತಿದ್ದಳು. ಜನವರಿಯ ಕೊನೆಯಲ್ಲಿ, ಫೆಬ್ರವರಿಯ ಪ್ರೇಮಿಗಳ ದಿನಕ್ಕೆಂದು ಹೂವು ಹೊರದೇಶಕ್ಕೆ ಹೊರಡುವ ಸೀಜನ್ ಶುರುವಾದಾಗ, ಅಲ್ಲಿನ ಹೆಂಗಸರೆಲ್ಲ, "ಮೊದಲ್ನೇ ಡಬ್ಬ ನೀನೇ ಕಟ್ಟಕ್ಕ, ನಿನ್ನ ಕೈಗುಣ ಒಳ್ಳೇದು" ಎನ್ನುತ್ತಿದ್ದರು. ಕೈಗುಣ ಒಳ್ಳೆಯದು ಎಂಬ ಮಾತನ್ನು ಅವಳಿಗೆ ಹೇಳುತ್ತಿದ್ದ ಜಾಗ ಈ ಭೂಮಿಯ ಮೇಲೆ ಅದೊಂದೇ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅದೇ ತೋಟಕ್ಕೆ ಹೋದೆ. ಮ್ಯಾನೇಜರ ಹತ್ತಿರ ಚಿಕ್ಕಮ್ಮನೇ ಮಾತಾಡಿ ಒಪ್ಪಿಸಿದ್ದಳು. "ನಮ್ಮಕ್ಕನ ಮಗಳು ಸಾರ್, ನಾವು ಕಟ್ಟೋ ಹೂವಿನ ಮೇಲೇ ಓದ್ತಾವ್ಳೆ" ಎಂದು ಪರಿಚಯಿಸಿದಳು. ಸೀಜನ್ನಿನ ಮೊದಲ ದಿನ ನಾನು ಪುಸ್ತಕ ಹಿಡಿದು ಅವಳ ಪಕ್ಕ ನಿಂತಿದ್ದೆ. ಅವಳು ಮೊದಲ ಡಬ್ಬಕ್ಕೆ ಕಟ್ಟುಗಳನ್ನು ಮಲಗಿಸಿದಳು, ಒಂದರ ತಲೆ ಆ ಕಡೆ, ಒಂದರ ತಲೆ ಈ ಕಡೆ. ಕೊನೆಯ ಕಟ್ಟು ಇಡುವ ಮೊದಲು ಸೊಂಟದಿಂದ ಒಂದು ಪುಟ್ಟ ಪೊಟ್ಟಣ ತೆಗೆದಳು. ವೀಳ್ಯದೆಲೆಯಲ್ಲಿ ಮಡಿಸಿದ ನಾಲ್ಕು ಕಾಳು ಅಕ್ಕಿ, ಒಂದು ಅರಿಶಿನದ ಕೊಂಬು. ಅದನ್ನು ಹೂವಿನ ಅಡಿಗೆ ಸರಿಸಿ, ನನ್ನನ್ನು ನೋಡಿ ಹುಬ್ಬು ಹಾರಿಸಿದಳು.

"ಬರೀ ಮಡ್ಲಲ್ಲಿ ಕಳಿಸ್ಬಾರ್ದು ಕಣೆ. ವರ್ಷಾವರ್ಷ ಹಾಕ್ತೀನಿ. ಯಾರ್ಗೂ ಹೇಳ್ಬೇಡ."

ಅವಳ ಮುಖದಲ್ಲಿದ್ದ ಸಂತೋಷ ನೋಡಿ ನಾನು ತಡೆಯಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಅಷ್ಟು ಚೆಂದವಾಗಿಲ್ಲ. ಹೊರದೇಶಕ್ಕೆ ಹೋಗುವ ಸಸ್ಯಕ್ಕೆ ರೋಗವಿಲ್ಲವೆಂಬ ಸರ್ಟಿಫಿಕೇಟು ಬೇಕು, ಅದರಲ್ಲಿ ಬರೆದದ್ದರ ಹೊರತು ಬೇರೆ ಎಲೆ, ಬೇರು, ಕಾಳು ಏನಿದ್ದರೂ ಸರಕು ತಿರಸ್ಕಾರವಾಗಬಹುದು ಎಂಬುದನ್ನು ನಾನು ಅದೇ ತಿಂಗಳು ಓದಿದ್ದೆ, ಕೆಂಪು ಪೆನ್ನಿನಲ್ಲಿ ಗೆರೆ ಕೂಡ ಎಳೆದಿದ್ದೆ. ಕಣ್ಣೆದುರಿಗೇ ಎಲೆ, ಬೇರು, ಕಾಳು ಮೂರೂ ಡಬ್ಬದೊಳಗೆ ಹೋದಾಗ ನನಗೆ ಅದು ನೆನಪಾಗಲೇ ಇಲ್ಲ. ಪುಸ್ತಕದಲ್ಲಿದ್ದದ್ದು ಪರೀಕ್ಷೆಗೆ, ಇದು ನಮ್ಮ ಚಿಕ್ಕಮ್ಮ. ಎರಡೂ ಒಂದೇ ಎಂದು ಹೊಳೆಯುವಷ್ಟು ನಾನು ಓದಿರಲಿಲ್ಲ.

ಅಲ್ಲಿಯವರೆಗೆ ಯಾವ ವರ್ಷವೂ ಯಾರೂ ಆ ಡಬ್ಬ ಬಿಚ್ಚಿ ನೋಡಿರಲಿಲ್ಲ. ಆ ವರ್ಷ ಹಾಲೆಂಡಿನ ತಪಾಸಣೆಯವರು ಮಾದರಿಗೆಂದು ಆರಿಸಿಕೊಂಡ ಡಬ್ಬಗಳಲ್ಲಿ ಅದೂ ಒಂದಾಯಿತು. ಇಡೀ ಸರಕನ್ನು ತಿರಸ್ಕರಿಸಿ ಸುಟ್ಟರು. ಕೊಳ್ಳುವವನು ಆ ಸೀಜನ್ನಿಗೆ ಬೇರೆಯವರ ಹತ್ತಿರ ಹೋದ. ಮ್ಯಾನೇಜರು, 'ಸರಕಿನಲ್ಲಿ ಬೇಡದ ವಸ್ತು' ಎಂಬ ಒಂದೇ ಸಾಲಿನ ಜೊತೆ ಕಂಪ್ಯೂಟರಿನಲ್ಲಿ ಬಂದ ಮಸುಕು ಫೋಟೋ ತೋರಿಸಿ, "ನೀನು ಓದಿರೋಳಲ್ವೇನಮ್ಮ, ಇದೇನು ಅಂತ ನೋಡು" ಎಂದರು. ನಾನು ನೋಡಿದೆ. ಅರಿಶಿನದ ಕೊಂಬು ಮಸುಕಿನಲ್ಲೂ ಹಳದಿಯಾಗೇ ಇತ್ತು. "ಗೊತ್ತಾಗ್ತಿಲ್ಲ ಸಾರ್" ಎಂದೆ.

ಅಂದು ಸಂಜೆ ಚಿಕ್ಕಮ್ಮ ಅತ್ತಳು. ಅವಳಿಗೆ ಕಾರಣ ಗೊತ್ತಿರಲಿಲ್ಲ, ಹೂವು ಸುಟ್ಟರೆಂಬುದಷ್ಟೇ ಗೊತ್ತಿತ್ತು. "ಏನೋ ಹುಳ ಸಿಕ್ತಂತೆ ಅಂತಾರೆ. ನಾನು ಒಂದೊಂದನ್ನೂ ಕಣ್ಣಿಟ್ಟು ನೋಡಿದ್ನಲ್ಲೇ" ಎಂದು ಮತ್ತೆ ಮತ್ತೆ ಹೇಳಿದಳು. ಆಗ ಹೇಳಬಹುದಿತ್ತು. ಹುಳ ಅಲ್ಲ ಚಿಕ್ಕಮ್ಮ, ನಿನ್ನ ಪೊಟ್ಟಣ, ಇನ್ನು ಮುಂದೆ ಹಾಕಬೇಡ ಎಂದು. ಅಷ್ಟೇ ಮಾತು. ಅವಳಿಗೆ ನೋವಾಗುತ್ತದೆ ಎಂದು ಸುಮ್ಮನಾದೆ.

ಸುಮ್ಮನಿದ್ದವಳು ಎಲ್ಲಿ ಹೇಳಿದೆ ಗೊತ್ತೇ? ಪ್ರಾಜೆಕ್ಟ್ ವರದಿಯಲ್ಲಿ. ನಮ್ಮ ಮೇಷ್ಟ್ರು ಕರಡು ನೋಡಿ, ಎಲ್ಲರೂ ಬರೆಯುವುದನ್ನೇ ಬರೆದಿದ್ದೀಯ, ನೀನು ಕಂಡದ್ದೇನು ಎಂದು ಕೇಳಿದ್ದರು. ನನಗೆ ರೋಷ ಬಂತು. ಕಂಡದ್ದನ್ನೆಲ್ಲ ಬರೆದೆ. ಸರಕು ತಿರಸ್ಕಾರವಾದ ಪ್ರಸಂಗ, ಅದರ ಕಾರಣ, ತಡೆಯುವ ಕ್ರಮ, ಎಲ್ಲವೂ ಒಳ್ಳೆಯ ಇಂಗ್ಲಿಷಿನಲ್ಲಿ. 'ವಿಂಗಡಣಾ ವಿಭಾಗದ ಮುಖ್ಯಸ್ಥೆಯ ಅಜ್ಞಾನ ಮತ್ತು ಮೂಢನಂಬಿಕೆಯಿಂದ' ಎಂಬ ಸಾಲು ನನ್ನದೇ. ಹೆಸರು ಹಾಕಲಿಲ್ಲ, ಹಾಕದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಆ ವಿಭಾಗಕ್ಕೆ ಎಷ್ಟು ಜನ ಮುಖ್ಯಸ್ಥೆಯರಿದ್ದರು ಎಂದು ನೀವು ಕೇಳುತ್ತೀರಿ. ಒಬ್ಬಳೇ.

ವರದಿಯ ಮೂರು ಪ್ರತಿ ಮಾಡಿಸಬೇಕು: ಕಾಲೇಜಿಗೊಂದು, ನಮಗೊಂದು, ಕೆಲಸ ಮಾಡಿದ ಕಂಪನಿಗೊಂದು. ಕಪ್ಪು ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಹಾಕಿಸಿದ್ದೆ. ಕಂಪನಿಯ ಪ್ರತಿ ಕೊಡಲು ನಾನೇ ಹೋಗಬೇಕಿತ್ತು, ಅವತ್ತು ಮೌಖಿಕ ಪರೀಕ್ಷೆ ಇತ್ತು. "ನಾನ್ ಕೊಡ್ತೀನಿ ಕೊಡೇ, ದಿನಾ ಹೋಗೋಳೇ ಅಲ್ವಾ" ಎಂದಳು ಚಿಕ್ಕಮ್ಮ. ಕೊಟ್ಟೆ. ಅವಳು ಅದನ್ನು ಒಗೆದ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ವ್ಯಾನು ಹತ್ತಿದಳು. ಜೊತೆಯಲ್ಲಿ ವಿಂಗಡಿಸುವ ಹೆಂಗಸರಿಗೆಲ್ಲ ಚಿನ್ನದ ಅಕ್ಷರ ಮುಟ್ಟಿಸಿ ತೋರಿಸಿ, ಆಮೇಲೆ ಮ್ಯಾನೇಜರ ಮೇಜಿನ ಮೇಲೆ ಇಟ್ಟಳಂತೆ. ಒಳಗೆ ಏನಿದೆ ಎಂದು ಕೊಡುವಾಗ ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಮ್ಯಾನೇಜರು ಇದನ್ನೆಲ್ಲ ಎಲ್ಲಿ ಓದುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಅವರು ಓದಿದರು. ಅವರು ಕೆಟ್ಟ ಮನುಷ್ಯರಲ್ಲ, ಮೇಲಿನವರಿಗೆ ಕಾರಣ ಕೊಡಲಾಗದೆ ತಿಂಗಳುಗಟ್ಟಲೆ ಬೈಸಿಕೊಂಡಿದ್ದರು. ಚಿಕ್ಕಮ್ಮನನ್ನು ಕರೆದು ಆ ಪುಟವನ್ನು ಕನ್ನಡದಲ್ಲಿ ಹೇಳಿದರು. ಮಾರನೆಯ ದಿನದಿಂದ ವಿಂಗಡಣೆಗೆ ಬರಬೇಡ, ಹೊರಗೆ ಕಳೆ ಕೀಳುವವರ ಜೊತೆ ಇರು ಎಂದರು.

ಆ ಸಂಜೆ ಅವಳು ಎಂದಿನ ಹೊತ್ತಿಗೇ ಬಂದಳು. ಕೈಕಾಲು ತೊಳೆದಳು, ಕಾಫಿ ಕುಡಿದಳು. ನಾನು ಪುಸ್ತಕ ಹಿಡಿದು ಕೂತಿದ್ದೆ, ಓದುತ್ತಿರಲಿಲ್ಲ.

"ಇಂಗ್ಲಿಷ್ನಲ್ಲಿ ಬೋ ಚೆನ್ನಾಗಿ ಬರ್ದಿದ್ದೀಯಂತೆ. ಮ್ಯಾನೇಜರು ಹೇಳಿದ್ರು" ಎಂದಳು.

ಅಷ್ಟೇ. ವ್ಯಂಗ್ಯ ಇರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು ಒಲೆಯ ಹತ್ತಿರ ಹೋದಳು. ಫಲಿತಾಂಶ ಬಂದಾಗ ನನ್ನ ಪ್ರಾಜೆಕ್ಟಿಗೇ ಎಲ್ಲರಿಗಿಂತ ಹೆಚ್ಚು ಅಂಕ. ಅವಳೇ ಒಬ್ಬಟ್ಟು ಮಾಡಿದಳು, ತಟ್ಟೆಗೆ ಎರಡನೆಯದನ್ನೂ ಹಾಕಿದಳು, ಮೇಲೆ ತುಪ್ಪ ಬಿಟ್ಟಳು. ಎಲ್ಲವನ್ನೂ ಮಾಡಿದಳು. ಆ ಒಂದು ಪ್ರಶ್ನೆ ಮಾತ್ರ ಅಂದಿನಿಂದ ಕೇಳಲಿಲ್ಲ. ಸಂಜೆ ಮೊರದ ಮುಂದೆ ಕೂತು ಕಾಯುತ್ತಿದ್ದವಳು ನಾನು. ಒಮ್ಮೆ ನಾನಾಗಿಯೇ, "ಇವತ್ತು ಕಾಲೇಜಲ್ಲಿ ಕೆಲಸಕ್ಕೆ ಕರೆದ್ರು ಚಿಕ್ಕಮ್ಮ, ಪಾಠ ಮಾಡೋಕೆ" ಎಂದೆ. "ಒಳ್ಳೇದಾಯ್ತು ಬಿಡು" ಎಂದಳು. ಏನು ಪಾಠ ಎಂದು ಕೇಳಲಿಲ್ಲ.

ಕಳೆ ಕೀಳುವ ಕೆಲಸ ಅವಳು ಬಹಳ ದಿನ ಮಾಡಲಿಲ್ಲ. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿಕೊಂಡಳು. ಹಸಿರು ಕೋಟು, ತಲೆಗೊಂದು ಟೋಪಿ. ಅಮ್ಮ ಕೇಳಿದ್ದಕ್ಕೆ, ಅಲ್ಲಿ ತಣ್ಣಗಿರುತ್ತದೆ, ಮುಳ್ಳು ಚುಚ್ಚುವುದಿಲ್ಲ ಎಂದಳಂತೆ.

ನನ್ನ ಮದುವೆ ಸೂಲಿಬೆಲೆ ಕಡೆಯ ಸಂಬಂಧ. ಹೊರಡುವ ಹೊತ್ತಿಗೆ ಮಡಿಲಕ್ಕಿಯ ತಟ್ಟೆ ಬಂತು. ಆ ಅಕ್ಕಿ ಆರಿಸಿದ್ದು, ಕೊಂಬು ತೊಳೆದದ್ದು ಯಾರು ಎಂದು ನನಗೆ ಗೊತ್ತಿತ್ತು. ನಾನು ದೊಡ್ಡ ಕ್ರಾಂತಿ ಮಾಡುವವಳಂತೆ ಎಲ್ಲರೆದುರು, "ಚಿಕ್ಕಮ್ಮ ಹುಯ್ಯದೆ ನಾನು ಹೊರಡಲ್ಲ" ಎಂದುಬಿಟ್ಟೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಅಮ್ಮ ಮಾತ್ರ ನನ್ನ ಕಡೆ ನಿಂತಳು, ಹಿತ್ತಲಿಗೆ ಹೋಗಿ ತಂಗಿಯ ಕೈ ಹಿಡಿದು ಕರೆತಂದಳು. ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

"ಬ್ಯಾಡ ಕಣವ್ವ. ನಾನು ಹುಯ್ದು ಕಳ್ಸಿದ್ದನ್ನ ಒಂದ್ಸಲ ಸುಟ್ಟಾಕವ್ರೆ. ನೀನು ಚೆನ್ನಾಗಿರ್ಬೇಕು."

ನನ್ನ ತಲೆ ಸವರಿ ಹಿಂದಕ್ಕೆ ಹೋದಳು. ಗಂಡ ಸತ್ತವಳ ಕೈ ಶುಭಕ್ಕಾಗದು ಎಂದು ಊರವರು ಅಂದುಕೊಂಡಿದ್ದನ್ನು ಅವಳು ಯಾವತ್ತೂ ನಂಬಿರಲಿಲ್ಲ, ನಂಬಿದ್ದರೆ ಆ ಪೊಟ್ಟಣ ಕಟ್ಟುತ್ತಿರಲಿಲ್ಲ. ಅವಳ ಕೈಗೆ ಗುಣವಿಲ್ಲ ಎಂದು ಅವಳನ್ನು ನಂಬಿಸಿದವಳು ನಾನು. ಕಾರು ಹೊರಟ ಮೇಲೆ ನಾನು ಅತ್ತುಬಿಟ್ಟೆ. ಹೆಣ್ಣು ತವರಿಗಾಗಿ ಅಳುತ್ತಿದ್ದಾಳೆ ಎಂದು ನನ್ನ ಗಂಡ ನೀರಿನ ಬಾಟಲಿ ಕೊಟ್ಟರು.

ಅವಳು ಹೋಗಿ ಈಗ ಮೂರು ವರ್ಷ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವಳೇ, "ಮಕ್ಳಿಗೆ ಊಟ ಆಯ್ತಾ?" ಎಂದು ಮಾತು ತಿರುಗಿಸಿದಳು. ಗೊತ್ತಿದ್ದು ತಿರುಗಿಸಿದಳೋ, ಸುಮ್ಮನೆ ಕೇಳಿದಳೋ, ನನಗೆ ತಿಳಿಯಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಂಡು ಮುಗಿಸುತ್ತೇನೆ. ಪಾಠ ಮಾಡಲು ಸೇರಿದಾಗಿನಿಂದ ಪ್ರತಿವರ್ಷ ಸಸ್ಯ ಸರ್ಟಿಫಿಕೇಟಿನ ಪಾಠಕ್ಕೆ ಬಂದಾಗ ನಾನು ಈ ಪ್ರಸಂಗ ಹೇಳುತ್ತೇನೆ. 'ಒಂದು ತೋಟದಲ್ಲಿ ಒಬ್ಬ ಕೆಲಸಗಾರ್ತಿ ಏನು ಮಾಡಿದಳು ಗೊತ್ತಾ?' ಎಂದು ಶುರುಮಾಡಿ, ಅರಿಶಿನದ ಕೊಂಬಿನ ಹತ್ತಿರ ಬಂದಾಗ ತುಸು ನಿಲ್ಲುತ್ತೇನೆ. ಮಕ್ಕಳು ನಗುತ್ತಾರೆ. ನಕ್ಕರೆ ಪಾಠ ಮರೆಯುವುದಿಲ್ಲ. ಅವಳು ಸತ್ತ ಮೇಲೂ ಎರಡು ವರ್ಷ ನಗಿಸಿದ್ದೇನೆ.

ಶಿಕ್ಷಕರ ದಿನಾಚರಣೆಯ ಮಾರನೆಯ ದಿನ ಅದೇ ಪಾಠ ಇತ್ತು. ಹೂವಿನ ಕಟ್ಟು ನೀರಿನ ಬಕೆಟ್ಟಿನಲ್ಲಿ ಕ್ಲಾಸಿನ ಮೂಲೆಯಲ್ಲೇ ಇತ್ತು. ನಾನು 'ಒಬ್ಬ ಕೆಲಸಗಾರ್ತಿ' ಎಂದು ಶುರುಮಾಡಿ ನಿಲ್ಲಿಸಿದೆ. ಬೋರ್ಡಿಗೆ ತಿರುಗಿ 'ಮುನಿಲಕ್ಷ್ಮಮ್ಮ' ಎಂದು ಕನ್ನಡದಲ್ಲಿ ಬರೆದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹೊಸಿಲು, ಹಿತ್ತಲು, ಪೊಟ್ಟಣ, ಆ ಹೆಂಗಸರು, ಓದಿಕೊಂಡಿದ್ದೂ ತಡೆಯದ ವಿದ್ಯಾರ್ಥಿನಿ, ಚಿನ್ನದ ಅಕ್ಷರದ ವರದಿ. ಅರಿಶಿನದ ಕೊಂಬು ಬಂದಾಗ ಯಾರೂ ನಗಲಿಲ್ಲ. ನಿಯಮ ನಿಯಮವೇ, ಡಬ್ಬದಲ್ಲಿ ಅದು ಇರಬಾರದಿತ್ತು ಎಂದೂ ಹೇಳಿದೆ. ಅದನ್ನು ಅವಳಿಗೆ ಹೇಳಬೇಕಾದವರು ಅವಳ ಮನೆಯಲ್ಲೇ ಇದ್ದರು ಎಂದೂ ಹೇಳಿದೆ.

"ಮೇಡಂ, ಇದು ಎಕ್ಸಾಮ್‌ಗೆ ಬರುತ್ತಾ?" ಎಂದು ಒಬ್ಬ ಕೇಳಿದ.

"ಬರಲ್ಲ. ಬರ್ಕೊಳ್ಳಿ" ಎಂದೆ.

ಪೆನ್ನುಗಳು ಓಡುವ ಸದ್ದಿನ ನಡುವೆ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ತಲೆ ಎತ್ತಿದಳು. "ಮುನಿಲಕ್ಷ್ಮಮ್ಮ ನಿಮಗೆ ಏನಾಗ್ಬೇಕು ಮೇಡಂ?"

"ದಿನಾ ಸಂಜೆ, ಇವತ್ತೇನು ಹೇಳ್ಕೊಟ್ರು ಅಂತ ಕೇಳ್ತಿದ್ದೋಳು" ಎಂದೆ.